ರಿಂಗ್ ಜೋಡಿಸಿದ ಮ್ಯಾಕ್ರೋ ಲೆನ್ಸ್ ಕೈಕೊಟ್ಟರೆ ಎಲ್ಲಿ ಹುಡುಕಬೇಕು

ಮೂಲೆಯಲ್ಲಿ ಬಿದ್ದಿರುವ ಹಳೆಯ 50 ಮಿ.ಮೀ. ಲೆನ್ಸನ್ನು ಹಿಂದುಮುಂದು ಮಾಡಿ ಒಂದು ರಿಂಗ್ ಮೂಲಕ ಕ್ಯಾಮೆರಾಗೆ ಹಾಕಿ ನೋಡಿ. ಇರುವೆಯ ಮುಖ ಪೂರ್ತಿ ಕಾಣಿಸುತ್ತದೆ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಹತ್ತಿರ ಹೋಗುವ ಖುಷಿ ಬೇರೆ ಯಾವ ಫೋಟೋಗ್ರಫಿಯಲ್ಲೂ ನನಗೆ ಸಿಕ್ಕಿಲ್ಲ. ಆದರೆ ಈ ಜೋಡಣೆ ಕೈಕೊಟ್ಟಾಗ ತಲೆ ಕೆಡುತ್ತದೆ. ಕೆಲವೊಮ್ಮೆ ಕ್ಯಾಮೆರಾದ ಲೆನ್ಸಿನ ಮುಂದೆಯೇ ಇನ್ನೊಂದು ಲೆನ್ಸನ್ನು ಹಿಂದುಮುಂದಾಗಿ ಸೇರಿಸುವುದೂ ಉಂಟು: ಮೂರ್ನಾಲ್ಕು ರಿಂಗು, ಎರಡು ಲೆನ್ಸು, ಒಂದು ಕ್ಯಾಮೆರಾ. ತಪ್ಪು ಯಾವುದರದ್ದು ಅಂತ ಹೇಗೆ ಗೊತ್ತಾಗಬೇಕು?

ನಾನು ಕಂಡ ಮಟ್ಟಿಗೆ ಗಾಜು ಕೆಟ್ಟಿರುವುದು ತೀರಾ ಅಪರೂಪ. ತಪ್ಪು ಇರುವುದು ಎರಡು ವಸ್ತು ಸೇರುವ ಜಾಗದಲ್ಲಿ. ಥ್ರೆಡ್ ಕೂರದ ಜಾಗ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರ) ಕೊಂಡಿ ತಪ್ಪಿದ ಜಾಗ, ಅಳತೆ ಹೆಚ್ಚುಕಡಿಮೆಯಾದ ಜಾಗ. ಹಾಗಾಗಿ ಹೊಸ ಲೆನ್ಸ್ ಕೊಳ್ಳುವ ಮೊದಲು ಆ ಜಾಗಗಳನ್ನು ಒಂದೊಂದಾಗಿ ನೋಡಿ.

## ಮುಟ್ಟುವ ಮೊದಲು

ಕ್ಯಾಮೆರಾ ಆಫ್ ಮಾಡಿ. ಬಾಯಿ ಕೆಳಗೆ ಮಾಡಿ ಹಿಡಿದುಕೊಂಡೇ ರಿಂಗ್ ಹಾಕಿ, ತೆಗೆಯಿರಿ. ಅಲ್ಯೂಮಿನಿಯಂ ಥ್ರೆಡ್‌ಗಳು ಒಂದಕ್ಕೊಂದು ಉಜ್ಜಿದಾಗ ಕೂದಲಿಗಿಂತ ಸಣ್ಣ ಚೂರು ಉದುರುತ್ತವೆ, ಅವು ಸೆನ್ಸರ್ ಮೇಲೆ ಬೀಳಬಾರದು.

ಈ ಜೋಡಣೆಯನ್ನು ಸೂರ್ಯನ ಕಡೆ ತಿರುಗಿಸಲೇಬೇಡಿ, ಕಿಟಕಿ ಪಕ್ಕ ಮುಚ್ಚಳವಿಲ್ಲದೆ ಇಟ್ಟು ಹೋಗಬೇಡಿ. ಕ್ಲೋಸ್ ಅಪ್ ಲೆನ್ಸ್ ಅಂದರೆ ಭೂತಗನ್ನಡಿಯೇ, ಬಿಸಿಲಲ್ಲಿ ಬಟ್ಟೆಯನ್ನೂ ಸುಡಬಲ್ಲದು. ಆಪ್ಟಿಕಲ್ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಿದರೆ ಕಣ್ಣೇ ಹೋಗಬಹುದು. ಇದರಲ್ಲಿ ರಾಜಿ ಬೇಡ.

ಹಿಂದುಮುಂದಾಗಿ ಹಾಕಿದ ಲೆನ್ಸಿನ ಹಿಂಭಾಗದ ಗಾಜು ಹೊರಗೆ ತೆರೆದುಕೊಂಡಿರುತ್ತದೆ. ಎಲೆ, ಕಡ್ಡಿ, ಬೆರಳು ಎಲ್ಲವೂ ಅದಕ್ಕೇ ತಾಗುವುದು. ಹಿಂದಿನ ಮುಚ್ಚಳದ ನಡುವೆ ತೂತು ಕೊರೆದು ಹಾಕಿಕೊಂಡರೆ ಅರ್ಧ ರಕ್ಷಣೆ ಸಿಕ್ಕ ಹಾಗೆ. ಕೊರೆಯುವಾಗ ಮುಚ್ಚಳ ಲೆನ್ಸಿನ ಮೇಲಿರಬಾರದು, ಇದನ್ನು ಹೇಳಬೇಕಾ ಅನ್ನಿಸಬಹುದು, ಆದರೂ ಹೇಳುತ್ತೇನೆ.

## ಯಾವ ತೊಂದರೆಯಾದರೂ ಮೊದಲ ಹತ್ತು ನಿಮಿಷ

ಎಲ್ಲವನ್ನೂ ಬಿಚ್ಚಿ. ಕ್ಯಾಮೆರಾಗೆ ಅದರದೇ ಲೆನ್ಸ್ ನೇರವಾಗಿ ಹಾಕಿ ಒಂದು ಫೋಟೋ ತೆಗೆಯಿರಿ. ಸರಿಯಾಗಿದೆಯಾ? ಹಾಗಾದರೆ ಕ್ಯಾಮೆರಾ ಚೆನ್ನಾಗಿದೆ. ಈಗ ಒಂದು ರಿಂಗ್ ಸೇರಿಸಿ, ಮತ್ತೆ ತೆಗೆಯಿರಿ. ಆಮೇಲೆ ಇನ್ನೊಂದು. ತೊಂದರೆ ಯಾವ ರಿಂಗ್ ಸೇರಿಸಿದಾಗ ಶುರುವಾಯಿತೋ ಅಲ್ಲೇ ನಿಲ್ಲಿ.

ಫೋಟೋ ತೆಗೆಯಲು ಸ್ಟೀಲ್ ಸ್ಕೇಲ್ ಇಟ್ಟುಕೊಳ್ಳಿ. ಎಷ್ಟು ದೊಡ್ಡದಾಗಿ ಕಾಣುತ್ತಿದೆ ಅನ್ನುವ ಲೆಕ್ಕವೂ ಅದರಿಂದಲೇ ಸಿಗುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಚಿತ್ರದಲ್ಲಿ ಎಡದಿಂದ ಬಲಕ್ಕೆ ಸ್ಕೇಲಿನ 9 ಮಿ.ಮೀ. ಕಂಡರೆ 36ನ್ನು 9ರಿಂದ ಭಾಗಿಸಿ: 4 ಪಟ್ಟು. ಈ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೆಳಗೆ ಬೆಳಕಿನ ವಿಷಯ ಬಂದಾಗ, ಮಬ್ಬಿನ ವಿಷಯ ಬಂದಾಗ ಇದೇ ಬೇಕಾಗುತ್ತದೆ.

## ರಿಂಗ್ ಕೂರುತ್ತಿಲ್ಲ, ಅಥವಾ ಒಂದು ಸುತ್ತಿಗೇ ಬಿಗಿಯಾಗುತ್ತದೆ

ಮೊದಲು ಮಾಡಬೇಕಾದ್ದು ಖರ್ಚಿಲ್ಲದ ಪರೀಕ್ಷೆ. ರಿಂಗನ್ನು ಥ್ರೆಡ್ ಮೇಲೆ ಮೆಲ್ಲಗೆ ಇಟ್ಟು ಬಿಚ್ಚುವ ದಿಕ್ಕಿಗೆ ತಿರುಗಿಸಿ. ಒಂದು ಕಡೆ ಟಿಕ್ ಅಂತ ಕೆಳಗಿಳಿದ ಹಾಗೆ ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಬಿಗಿ ಮಾಡುವ ಕಡೆ ತಿರುಗಿಸಿ. ಫಿಲ್ಟರ್ ಥ್ರೆಡ್‌ಗಳು ತುಂಬಾ ಸಣ್ಣವು, ಸಾಮಾನ್ಯವಾಗಿ 0.75 ಮಿ.ಮೀ. ಅಂತರದವು, ಓರೆಯಾಗಿ ಹತ್ತಿಸಿದರೆ ಸುಲಭವಾಗಿ ಹಾಳಾಗುತ್ತವೆ.

ಸರಿಯಾಗಿ ಕೂತಿದೆಯಾ ಅಂತ ನೋಡಲು ಕಣ್ಣಿನ ಮಟ್ಟಕ್ಕೆ ತಂದು ಪಕ್ಕದಿಂದ ಬೆಳಕಿಗೆ ಹಿಡಿಯಿರಿ. ರಿಂಗ್ ಮತ್ತು ಲೆನ್ಸ್ ನಡುವೆ ಒಂದು ಕಡೆ ಬಿದಿಗೆ ಚಂದ್ರನ ಹಾಗೆ ಬೆಳಕಿನ ಗೆರೆ ಕಂಡು ಇನ್ನೊಂದು ಕಡೆ ಮುಚ್ಚಿಕೊಂಡಿದ್ದರೆ ಓರೆ ಹತ್ತಿದೆ. ಬಿಚ್ಚಿ, ಮತ್ತೆ ಹಾಕಿ.

ಇದಾದ ಮೇಲೂ ಕೂರದಿದ್ದರೆ ಅಳತೆ ನೋಡಿ. ಲೆನ್ಸಿನ ಮುಂಭಾಗದಲ್ಲಿ ಸೊನ್ನೆಗೆ ಅಡ್ಡಗೆರೆ ಹಾಕಿದ ಗುರುತಿನ ಪಕ್ಕ ಬರೆದಿರುವುದೇ ಫಿಲ್ಟರ್ ಅಳತೆ. 52 ಅಂತಿದ್ದರೆ 52 ಮಿ.ಮೀ. ಅನೇಕರು ಇದನ್ನು ಫೋಕಲ್ ಲೆಂತ್ ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ. 50 ಮಿ.ಮೀ. ಲೆನ್ಸಿಗೆ 50ರ ರಿಂಗ್ ಅಲ್ಲ! 52–58 ಅಂತ ಬರೆದ ಸ್ಟೆಪ್ ಅಪ್ ರಿಂಗ್ 52ರ ಲೆನ್ಸಿಗೆ ಹತ್ತುತ್ತದೆ, ಅದರ ಮುಂದೆ 58ರ ವಸ್ತು ಕೂರುತ್ತದೆ. ಎರಡು ಲೆನ್ಸುಗಳನ್ನು ಮುಖಾಮುಖಿ ಸೇರಿಸಲು ಎರಡೂ ಕಡೆ ಹೊರ ಥ್ರೆಡ್ ಇರುವ ಕಪ್ಲಿಂಗ್ ರಿಂಗೇ ಬೇಕು. ಸ್ಟೆಪ್ ರಿಂಗಿನಲ್ಲಿ ಒಂದು ಕಡೆ ಹೊರ ಥ್ರೆಡ್, ಒಂದು ಕಡೆ ಒಳ ಥ್ರೆಡ್. ಅದೊಂದರಿಂದಲೇ ಎರಡು ಲೆನ್ಸ್ ಸೇರುವುದಿಲ್ಲ.

ಈಗ ಜಾಸ್ತಿ ಜನ ಎಡವುವ ಜಾಗಕ್ಕೆ ಬರೋಣ. ಎಂ42 ಅನ್ನುವ ಹೆಸರಿನಲ್ಲಿ ಎರಡು ಥ್ರೆಡ್ ಇವೆ. ಹಳೆಯ ಸ್ಕ್ರೂ ಮೌಂಟ್ (ಕ್ಯಾಮೆರಾಗೆ ಕೂರುವ ಕಡೆ ತಿರುಪಿರುವ) ಲೆನ್ಸಿನದು 42 ಮಿ.ಮೀ. ವ್ಯಾಸ, 1 ಮಿ.ಮೀ. ಅಂತರ. ಟೆಲಿಸ್ಕೋಪಿಗೆ ಬಳಸುವ ಟಿ2 ಥ್ರೆಡ್ ಕೂಡ 42 ಮಿ.ಮೀ.ಯದೇ, ಆದರೆ ಅಂತರ 0.75. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಶುರುವಿನಲ್ಲಿ ಚೆನ್ನಾಗಿಯೇ ಹತ್ತುತ್ತದೆ, ಒಂದು ಸುತ್ತು ಆಗುವಷ್ಟರಲ್ಲಿ ಗಟ್ಟಿಯಾಗುತ್ತದೆ. ನನಗೆ ಒಮ್ಮೆ ಮಾರಿದವರು ತಪ್ಪು ಚೀಟಿ ಅಂಟಿಸಿದ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ, ಗಾಜಿಲ್ಲದ ಉದ್ದ ರಿಂಗ್) ಕೊಟ್ಟಿದ್ದರು. ಹೊಸದು, ಅದಕ್ಕೇ ಬಿಗಿ ಇರಬೇಕು ಅಂದುಕೊಂಡು ಇನ್ನೊಂದು ಕಾಲು ಸುತ್ತು ತಿರುಗಿಸಿದೆ. ಬಿಚ್ಚಿದಾಗ ಕಪ್ಪು ಬಣ್ಣ ಎದ್ದುಹೋಗಿ ಥ್ರೆಡ್ಡಿನ ತುದಿ ಬೆಳ್ಳಗೆ ಹೊಳೆಯುತ್ತಿತ್ತು, ಕೆಳಗೆ ಹಾಸಿದ್ದ ಬಿಳಿ ಕಾಗದದ ಮೇಲೆ ಬೆಳ್ಳಿಪುಡಿಯಂತೆ ಚೂರು ಬಿದ್ದಿತ್ತು. ಅವತ್ತಿನಿಂದ ನಾನು ಇಟ್ಟುಕೊಂಡ ನಿಯಮ ಇಷ್ಟೇ: ಎರಡು ಬೆರಳಿನ ಬಲಕ್ಕೆ ತಿರುಗದಿದ್ದರೆ ಅದು ಆ ಥ್ರೆಡ್ ಅಲ್ಲ. ನಿಲ್ಲಿಸಿ.

ಕ್ಯಾಮೆರಾಗೆ ಮೈಕ್ರೋಸ್ಕೋಪಿನ ಆಬ್ಜೆಕ್ಟಿವ್ (ವಸ್ತುವಿನ ಕಡೆ ಇರುವ ಪುಟ್ಟ ಲೆನ್ಸ್) ಹಾಕುವವರಿಗೆ ಒಂದು ಮಾತು. ಹಳೆಯ ಮಾದರಿಯ ಆರ್‌ಎಂಎಸ್ ಥ್ರೆಡ್ ಸುಮಾರು 20.32 ಮಿ.ಮೀ. ಎಲ್ಲ ಆಬ್ಜೆಕ್ಟಿವ್‌ಗೂ ಇದೇ ಇರುವುದಿಲ್ಲ, ದೊಡ್ಡ ಥ್ರೆಡ್ಡಿನವೂ ಇವೆ. ರಿಂಗ್ ಕೊಳ್ಳುವ ಮೊದಲು ಕ್ಯಾಲಿಪರ್ ಹಿಡಿದು ಅಳೆಯಿರಿ.

## ಶಟರ್ ಒತ್ತಿದರೆ ಏನೂ ಆಗುವುದಿಲ್ಲ

ಕ್ಯಾಮೆರಾ ಕೆಟ್ಟಿಲ್ಲ, ಹೆದರಬೇಡಿ. ರಿಂಗಿನಲ್ಲಿ ವಿದ್ಯುತ್ ಸಂಪರ್ಕದ ಪಿನ್ ಇಲ್ಲದಿದ್ದರೆ ಮುಂದೆ ಲೆನ್ಸ್ ಇದೆ ಅಂತಲೇ ಕ್ಯಾಮೆರಾಗೆ ತಿಳಿಯುವುದಿಲ್ಲ. ಮೆನುವಿನಲ್ಲಿ 'ಲೆನ್ಸ್ ಇಲ್ಲದೆ ಶಟರ್ ಬಿಡು' ಎಂಬ ಅರ್ಥದ ಆಯ್ಕೆ ಹುಡುಕಿ ಆನ್ ಮಾಡಿ. ಮೋಡ್ ಡಯಲ್ ಎಂ ಮೇಲಿಡಿ. ಆಟೋಫೋಕಸ್ ಆಫ್ ಮಾಡಿ, ಇಲ್ಲದಿದ್ದರೆ ಫೋಕಸ್ ಸಿಕ್ಕಿಲ್ಲ ಅಂತ ಕ್ಯಾಮೆರಾ ಕಾಯುತ್ತಾ ಕೂರುತ್ತದೆ.

ಬಾಡಿಯಲ್ಲೇ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಅದಕ್ಕೂ ಲೆನ್ಸಿನ ಸುಳಿವು ಸಿಗುವುದಿಲ್ಲ. ಸ್ಟ್ಯಾಂಡಿನ ಮೇಲೆ ಇಟ್ಟಿದ್ದರೆ ಅದನ್ನೂ ಆಫ್ ಮಾಡುವುದು ಒಳ್ಳೆಯದು.

## ಪರದೆ ಕತ್ತಲು ಕತ್ತಲು

ಇಲ್ಲಿ ಎರಡು ಬೇರೆ ಬೇರೆ ಕಾರಣಗಳು ಒಂದೇ ಥರ ಕಾಣಿಸುತ್ತವೆ. ಒಂದು, ಅಪರ್ಚರ್ ಮುಚ್ಚಿಕೊಂಡಿದೆ. ಎರಡು, ಇಷ್ಟು ಹತ್ತಿರ ಹೋದಾಗ ಬೆಳಕು ಹೇಗೂ ಕಡಿಮೆಯೇ.

ಮೊದಲನೆಯದನ್ನು ನೋಡುವುದು ಸುಲಭ. ಲೆನ್ಸ್ ಬಿಚ್ಚಿ ಬೆಳಗುವ ಗೋಡೆಯ ಕಡೆ ಹಿಡಿದು ಒಳಗೆ ಇಣುಕಿ. ರಂಧ್ರ ಅಗಲವಾಗಿದೆಯಾ, ಸೂಜಿ ತೂತಿನಷ್ಟಿದೆಯಾ? ನಿಕಾನ್ ಎಫ್ ಮೌಂಟಿನ ಜಿ ಲೆನ್ಸುಗಳಿಗೆ ಅಪರ್ಚರ್ ರಿಂಗ್ ಇಲ್ಲ. ಕ್ಯಾಮೆರಾದಿಂದ ಬಿಚ್ಚಿದ ತಕ್ಷಣ ಸ್ಪ್ರಿಂಗ್ ಎಳೆದು ರಂಧ್ರ ಪೂರ್ತಿ ಚಿಕ್ಕದಾಗುತ್ತದೆ. ಹಿಂಭಾಗದಲ್ಲಿ ಒಂದು ಪುಟ್ಟ ಲೋಹದ ಲಿವರ್ ಇದೆ. ಅದನ್ನು ಉಗುರಿನಿಂದ ಮೆಲ್ಲಗೆ ಸರಿಸಿದರೆ ರಂಧ್ರ ತೆರೆದುಕೊಳ್ಳುತ್ತದೆ, ಬಿಟ್ಟರೆ ಟಪ್ ಅಂತ ಮುಚ್ಚುತ್ತದೆ. ಮಡಚಿದ ಕಾಗದದ ಚೂರನ್ನು ಅಡ್ಡ ಕೊಟ್ಟು ಬೇಕಾದಷ್ಟು ತೆರೆದಿಟ್ಟುಕೊಳ್ಳಬಹುದು. ಲಿವರ್ ಬಗ್ಗಿಸಬೇಡಿ, ಅದು ಬಗ್ಗಿದರೆ ಲೆನ್ಸ್ ಸಾಮಾನ್ಯ ಬಳಕೆಗೂ ತಪ್ಪು ಅಪರ್ಚರ್ ತೋರಿಸುತ್ತದೆ.

ಕ್ಯಾನನ್ ಇಎಫ್ ಲೆನ್ಸಿನಲ್ಲಿ ಉಲ್ಟಾ. ಅಪರ್ಚರ್ ಪೂರ್ತಿ ವಿದ್ಯುತ್ತಿನಿಂದ ನಡೆಯುತ್ತದೆ, ಬಿಚ್ಚಿದಾಗ ತೆರೆದೇ ಇರುತ್ತದೆ. ಹಾಗಾಗಿ ಅಲ್ಲಿ ಕತ್ತಲಿನ ದೂರು ಕಡಿಮೆ, ಫೋಕಸ್ ಆಳ (ಒಮ್ಮೆಗೆ ಚೂಪಾಗಿ ಕಾಣುವ ದಪ್ಪ) ಸಿಗದ ದೂರು ಜಾಸ್ತಿ. ಅಪರ್ಚರ್ ಎಫ್/8 ಇಟ್ಟು (ಈ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು), ರಂಧ್ರವನ್ನು ಮೊದಲೇ ಚಿಕ್ಕದು ಮಾಡಿ ತೋರಿಸುವ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಗುಂಡಿ ಒತ್ತಿ ಹಿಡಿದು, ಕ್ಯಾಮೆರಾ ಆನ್ ಇರುವಾಗಲೇ ಲೆನ್ಸ್ ಬಿಚ್ಚಿದರೆ ರಂಧ್ರ ಅದೇ ಅಳತೆಯಲ್ಲಿ ಉಳಿಯುತ್ತದೆ. ತುಂಬಾ ಜನ ಮಾಡುತ್ತಾರೆ. ಆದರೆ ಆನ್ ಇರುವಾಗ ಲೆನ್ಸ್ ತೆಗೆಯುವುದು ತಯಾರಕರು ಹೇಳುವ ಪದ್ಧತಿಯಲ್ಲ, ಮೇಲೆ ನಾನು ಹೇಳಿದ್ದಕ್ಕೂ ವಿರುದ್ಧ. ಪದೇಪದೇ ಮಾಡುವ ಬದಲು ಕೈಯಲ್ಲಿ ತಿರುಗಿಸುವ ಅಪರ್ಚರ್ ರಿಂಗ್ ಇರುವ ಹಳೆಯ ಲೆನ್ಸ್ ಒಂದನ್ನು ಈ ಕೆಲಸಕ್ಕೇ ಇಟ್ಟುಕೊಳ್ಳಿ. ನನ್ನ ಪ್ರಕಾರ ಅದೇ ನೆಮ್ಮದಿಯ ದಾರಿ.

ಹಳೆಯ ಎಂ42 ಲೆನ್ಸುಗಳ ಹಿಂಭಾಗದಲ್ಲಿ ಒಂದು ಪಿನ್ ಇರುತ್ತದೆ. ಆಟೋ ಸ್ಥಾನದಲ್ಲಿದ್ದಾಗ ಪಿನ್ ಒತ್ತಿದರೆ ಮಾತ್ರ ರಂಧ್ರ ಚಿಕ್ಕದಾಗುತ್ತದೆ. ರಿಂಗ್ ತಿರುಗಿಸಿದರೂ ಏನೂ ಬದಲಾಗುತ್ತಿಲ್ಲ ಅಂದರೆ ಲೆನ್ಸ್ ಮೇಲೆ ಎ–ಎಂ ಸ್ವಿಚ್ ಹುಡುಕಿ ಎಂ ಕಡೆ ಮಾಡಿ. ಸ್ವಿಚ್ ಇಲ್ಲದಿದ್ದರೆ ಪಿನ್ ಒತ್ತುವ ಅಂಚು ಇರುವ ಅಡಾಪ್ಟರ್ ಬೇಕು.

ರಂಧ್ರ ತೆರೆದೇ ಇದ್ದರೂ ಕತ್ತಲಾಗಿದ್ದರೆ ಅದು ದೋಷ ಅಲ್ಲ, ಲೆಕ್ಕ. ಲೆನ್ಸ್ ಮೇಲೆ ಬರೆದ ಎಫ್ ಸಂಖ್ಯೆಯನ್ನು (1 + ಎಷ್ಟು ಪಟ್ಟು) ಇದರಿಂದ ಗುಣಿಸಿ. 1 ಪಟ್ಟಿನಲ್ಲಿ ಎಫ್/8 ಅಂದರೆ ನಿಜದಲ್ಲಿ ಎಫ್/16, ಬೆಳಕು ನಾಲ್ಕನೇ ಒಂದು ಭಾಗ. 4 ಪಟ್ಟಿನಲ್ಲಿ ಅದೇ ಎಫ್/8 ಸುಮಾರು ಎಫ್/40 ಆಗುತ್ತದೆ, ಬೆಳಕು 25ನೇ ಒಂದು ಭಾಗ. ಇದಕ್ಕೆ ರಿಂಗ್ ಬದಲಿಸಿ ಪ್ರಯೋಜನವಿಲ್ಲ, ಬೆಳಕು ಹೆಚ್ಚಿಸಬೇಕು. ಫೋಕಸ್ ಹುಡುಕಲು ಸಣ್ಣ ಟಾರ್ಚ್, ಫೋಟೋಗೆ ಫ್ಲ್ಯಾಷ್. ಇಷ್ಟು ಹತ್ತಿರದಲ್ಲಿ ಯಾವ ಪ್ರಾಣಿಯ, ಯಾವ ಮನುಷ್ಯನ ಕಣ್ಣಿಗೂ ಫ್ಲ್ಯಾಷ್ ಹೊಡೆಯಬೇಡಿ.

## ಎಲ್ಲೂ ಫೋಕಸ್ ಆಗುತ್ತಿಲ್ಲ

ದೂರದ ವಸ್ತು ಫೋಕಸ್ ಆಗುತ್ತಿಲ್ಲ ಅನ್ನುವುದಾದರೆ ಎಲ್ಲವೂ ಸರಿಯಾಗಿದೆ. ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿದರೂ, ಲೆನ್ಸ್ ಹಿಂದುಮುಂದು ಮಾಡಿದರೂ ದೂರದ ಫೋಕಸ್ ಹೋಗುತ್ತದೆ. ಹತ್ತಿರದ್ದೂ ಆಗುತ್ತಿಲ್ಲವೇ? ಫೋಕಸ್ ರಿಂಗ್ ಬಿಟ್ಟುಬಿಡಿ. ಅದನ್ನು ತಿರುಗಿಸಿದರೆ ಇಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಸ್ಕೇಲನ್ನು ಲೆನ್ಸಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ಇಟ್ಟು ಕ್ಯಾಮೆರಾವನ್ನೇ ನಿಧಾನವಾಗಿ ಹಿಂದಕ್ಕೆ ತನ್ನಿ. ದೂರದಿಂದ ಹತ್ತಿರ ಹೋಗುವ ಬದಲು ಹೀಗೆ ಮಾಡಿದರೆ ಬೇಗ ಸಿಗುತ್ತದೆ.

ಎಷ್ಟು ದೂರದಲ್ಲಿ ಸಿಗಬೇಕು ಅಂತ ಮೊದಲೇ ಗೊತ್ತಿದ್ದರೆ ಹುಡುಕಾಟವೇ ಇರುವುದಿಲ್ಲ. ಎರಡು ಲೆನ್ಸ್ ಮುಖಾಮುಖಿ ಸೇರಿಸಿ ಎರಡರ ಫೋಕಸ್ಸನ್ನೂ ಅನಂತಕ್ಕೆ (ತೀರಾ ದೂರಕ್ಕೆ) ಇಟ್ಟಾಗ, ಹಿಂದುಮುಂದಾದ ಲೆನ್ಸಿನ ಮೌಂಟಿನಿಂದ ಅದರ ಸೆನ್ಸರ್ ಎಷ್ಟು ದೂರ ಇರಬೇಕಿತ್ತೋ ಅಷ್ಟೇ ದೂರದಲ್ಲಿ ವಸ್ತು ಫೋಕಸ್ ಆಗುತ್ತದೆ. ನಿಕಾನ್ ಎಫ್ ಲೆನ್ಸಿಗೆ 46.5 ಮಿ.ಮೀ., ಕ್ಯಾನನ್ ಇಎಫ್‌ಗೆ 44, ಎಂ42ಗೆ 45.46. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದ ಲೆನ್ಸ್ ಹಿಂದುಮುಂದು ಮಾಡಿದರೆ ಏನಾಗುತ್ತದೆ ನೋಡಿ: ಸೋನಿ ಇ ಮೌಂಟಿಗೆ 18, ಕ್ಯಾನನ್ ಆರ್‌ಎಫ್‌ಗೆ 20, ನಿಕಾನ್ ಝಡ್‌ಗೆ 16. ಬೆರಳಿನ ಅಗಲದಷ್ಟೇ ಜಾಗ! ಅದರ ಮೇಲೆ ರಕ್ಷಣೆಗೆ ಮುಚ್ಚಳ ಹಾಕಿದರೆ ವಸ್ತುವಿಗೆ ಜಾಗವೇ ಉಳಿಯುವುದಿಲ್ಲ. ಈ ಕೆಲಸಕ್ಕೆ ಕನ್ನಡಿ ಇರುವ ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದ ಲೆನ್ಸೇ ಒಳ್ಳೆಯದು ಅನ್ನುವುದಕ್ಕೆ ಇದು ಇನ್ನೊಂದು ಕಾರಣ. ಅಷ್ಟೇ ಅಲ್ಲ, ಎಷ್ಟೋ ಮಿರರ್‌ಲೆಸ್ ಲೆನ್ಸುಗಳ ಫೋಕಸ್ ಗಾಜನ್ನು ಮೋಟಾರೇ ಹಿಡಿದಿಟ್ಟಿರುತ್ತದೆ. ಕರೆಂಟ್ ಇಲ್ಲದಾಗ ಅಲುಗಿಸಿದರೆ ಒಳಗೆ ಲೊಡಲೊಡ ಅನ್ನುತ್ತದೆ. ಅದು ಮುರಿದ ಶಬ್ದ ಅಲ್ಲ, ಆದರೆ ಫೋಕಸ್ ಮಾತ್ರ ನಿಂತಲ್ಲಿ ನಿಲ್ಲುವುದಿಲ್ಲ.

ಅಗಲ ಕೋನದ ಲೆನ್ಸಿಗೆ ಉದ್ದ ಟ್ಯೂಬ್ ಹಾಕಿದ್ದೀರಾ? ಟ್ಯೂಬಿನ ಉದ್ದವನ್ನು ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ಪಟ್ಟು ಹೆಚ್ಚಾಯಿತು ಅಂತ ಸಿಗುತ್ತದೆ. 50ರ ಲೆನ್ಸಿಗೆ 36ರ ಟ್ಯೂಬ್ ಹಾಕಿದರೆ ಸುಮಾರು 0.7, ಚೆನ್ನಾಗಿಯೇ ನಡೆಯುತ್ತದೆ. 24ರ ಲೆನ್ಸಿಗೆ ಅದೇ 36 ಹಾಕಿದರೆ 1.5, ಆಗ ಫೋಕಸ್ ಆಗುವ ಜಾಗ ಮುಂದಿನ ಗಾಜಿಗೆ ಅಂಟಿಕೊಂಡಿರಬಹುದು ಅಥವಾ ಲೆನ್ಸಿನ ಒಳಗೇ ಬೀಳಬಹುದು. ಅಲ್ಲಿ ವಸ್ತು ಇಡಲು ಆಗುತ್ತದಾ? ಚಿಕ್ಕ ಟ್ಯೂಬ್ ಹಾಕಿ.

ಆಬ್ಜೆಕ್ಟಿವ್ ಇದ್ದರೆ ಅದರ ಮೇಲಿನ ಬರಹ ಓದಿ. 160 ಅಂತಿದ್ದರೆ ಅದರ ಥ್ರೆಡ್ ಶುರುವಾಗುವ ಅಂಚಿನಿಂದ ಸೆನ್ಸರಿಗೆ ಸುಮಾರು 150 ಮಿ.ಮೀ. ಇರಬೇಕು. ಸೋನಿ ಇ ಬಾಡಿಯ ಒಳಗೇ 18 ಇದೆ, ಉಳಿದ 132ನ್ನು ಟ್ಯೂಬ್‌ಗಳಲ್ಲಿ ತುಂಬಿಸಿ. ಮಲಗಿಸಿದ 8ರಂಥ ಗುರುತು ಇದ್ದರೆ ಬರೀ ಟ್ಯೂಬ್ ಸಾಲದು. ನಡುವೆ ಸೆನ್ಸರ್ ಮೇಲೆ ಚಿತ್ರ ಮೂಡಿಸುವ ಟ್ಯೂಬ್ ಲೆನ್ಸ್ ಬೇಕು, ಅನಂತಕ್ಕೆ ಇಟ್ಟ 200 ಮಿ.ಮೀ. ಟೆಲಿಫೋಟೋ ಆ ಕೆಲಸ ಮಾಡುತ್ತದೆ.

## ಮೂಲೆಗಳು ಕಪ್ಪು

ಕಪ್ಪಿನ ಆಕಾರ ನೋಡಿ, ಅದೇ ಉತ್ತರ ಹೇಳುತ್ತದೆ.

ನಾಲ್ಕೂ ಮೂಲೆಯಲ್ಲಿ ದುಂಡಗೆ, ಅಂಚು ಸ್ಪಷ್ಟವಾಗಿದ್ದರೆ ಯಾವುದೋ ರಿಂಗ್ ಅಥವಾ ಲೆನ್ಸಿನ ಬಾಯಿ ಅಡ್ಡ ಬರುತ್ತಿದೆ. ಜೋಡಿ ಲೆನ್ಸಿನಲ್ಲಿ ಮೊದಲು ಹಿಂದುಮುಂದಾದ ಲೆನ್ಸಿನ ಅಪರ್ಚರ್ ಪೂರ್ತಿ ತೆರೆಯಿರಿ, ಬೇಕಾದರೆ ಕ್ಯಾಮೆರಾ ಕಡೆಯ ಲೆನ್ಸಿನ ಅಪರ್ಚರ್ ಕಡಿಮೆ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಹೋಗುತ್ತದೆ. ಆಮೇಲೆ ಎರಡರ ನಡುವಿನ ಅಂತರ ಕಡಿಮೆ ಮಾಡಿ. ಮೂರು ಸ್ಟೆಪ್ ರಿಂಗ್ ಪೇರಿಸುವ ಬದಲು ಸರಿಯಾದ ಒಂದೇ ಕಪ್ಲಿಂಗ್ ರಿಂಗ್ ತನ್ನಿ. ಕ್ಯಾಮೆರಾ ಮೇಲಿರುವುದು ಜೂಮ್ ಆದರೆ ಉದ್ದದ ತುದಿಗೆ ಎಳೆಯಿರಿ. 200ರ ಮುಂದೆ 50 ಹಿಂದುಮುಂದು ಹಾಕಿದರೆ 4 ಪಟ್ಟು, ಸಾಮಾನ್ಯವಾಗಿ ಚೆನ್ನಾಗಿ ತುಂಬುತ್ತದೆ. 70ಕ್ಕೆ ಇಳಿಸಿದರೆ ನಡುವೆ ಒಂದು ದುಂಡು ಚಿತ್ರ ಮಾತ್ರ ಉಳಿಯಬಹುದು.

ಒಂದು ಕಡೆ ಮಾತ್ರ ಮೆತ್ತಗೆ ಕಪ್ಪಾಗಿದ್ದರೆ ಲೆನ್ಸಿನ ನೆರಳು ವಸ್ತುವಿನ ಮೇಲೆ ಬೀಳುತ್ತಿದೆ. ದೀಪ ಸರಿಸಿ. ಚಿತ್ರದ ಒಂದು ಅಂಚಿನಲ್ಲಿ ನೇರ ಗೆರೆ ಎಳೆದ ಹಾಗೆ ಕಪ್ಪು ಪಟ್ಟಿ ಇದ್ದರೆ ಅದಕ್ಕೂ ರಿಂಗಿಗೂ ಸಂಬಂಧವಿಲ್ಲ. ಫ್ಲ್ಯಾಷ್ ಜೊತೆ ಶಟರ್ ವೇಗ ಮಿತಿ ಮೀರಿದೆ, 1/125ಕ್ಕೆ ಇಳಿಸಿ ನೋಡಿ.

## ನಡುವೆ ಬಿಳಿ ಮಂಜು

ಚಿತ್ರದ ಮಧ್ಯೆ ಹೊಗೆ ಹಿಡಿದ ಹಾಗೆ ಬೆಳ್ಳಗೆ ಇದೆ, ಕಪ್ಪು ಬಣ್ಣ ಬೂದಿಯ ಥರ ಕಾಣುತ್ತದೆ ಅಂದರೆ ಟ್ಯೂಬಿನ ಒಳಗೋಡೆಯಲ್ಲಿ ಬೆಳಕು ಹೊಳೆಯುತ್ತಿದೆ. ಜೋಡಣೆಯನ್ನು ಕ್ಯಾಮೆರಾದಿಂದ ಬಿಚ್ಚಿ ಹಿಂದಿನಿಂದ ಕಣ್ಣಿಟ್ಟು, ಮುಂದಿನಿಂದ ಸಣ್ಣ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಹೊಳೆಯುವ ರಿಂಗ್ ಬೆಳ್ಳಿ ಬಳೆಯ ಹಾಗೆ ಎದ್ದು ಕಾಣುತ್ತದೆ. ಅದರ ಒಳಗೆ ಕಪ್ಪು ವೆಲ್ವೆಟ್ ಕಾಗದ ಸುತ್ತಿ ಅಂಟಿಸಿ. ಅಂಟು ಪೂರ್ತಿ ಒಣಗಬೇಕು, ನಾರು ಉದುರಬಾರದು. ಅದಕ್ಕೂ ಮೊದಲು ಮುಂಭಾಗಕ್ಕೆ ಕಪ್ಪು ಕಾಗದ ಸುತ್ತಿ ಹುಡ್ ಮಾಡಿ ನೋಡಿ, ಅರ್ಧ ಮಂಜು ಅಲ್ಲೇ ಹೋಗುತ್ತದೆ.

## ಫೋಕಸ್ ಸಿಕ್ಕಿದೆ, ಆದರೂ ಚೂಪಿಲ್ಲ

ಇದೇ ಎಲ್ಲಕ್ಕಿಂತ ಕಷ್ಟದ ದೂರು, ಯಾಕೆಂದರೆ ನಾಲ್ಕು ಕಾರಣ ಸೇರಿ ಒಂದೇ ಮಬ್ಬು ಕೊಡಬಹುದು. ಬೇರ್ಪಡಿಸುವುದು ಹೀಗೆ.

ಮೊದಲು ಕೋಣೆ ಕತ್ತಲು ಮಾಡಿ ಫ್ಲ್ಯಾಷ್ ಬೆಳಕಿನಲ್ಲಿ ಮಾತ್ರ ಒಂದು ಫೋಟೋ ತೆಗೆಯಿರಿ. ಈಗ ಚೂಪಾಗಿ ಬಂತಾ? ಹಾಗಾದರೆ ನಿಮ್ಮ ಲೆನ್ಸ್, ರಿಂಗ್ ಎಲ್ಲ ಸರಿ ಇವೆ, ಅಲುಗಾಟವೇ ಕಾರಣ. 4 ಪಟ್ಟಿನಲ್ಲಿ ಕೈಯ ನಡುಕವೂ ನಾಲ್ಕು ಪಟ್ಟು ಆಗುತ್ತದೆ, ನೆಲದ ಮೇಲೆ ಯಾರೋ ನಡೆದರೂ ಕಾಣಿಸುತ್ತದೆ. ಎರಡು ಸೆಕೆಂಡ್ ಟೈಮರ್ ಹಾಕಿ. ಶಟರಿನ ಮೊದಲ ಪರದೆಯ ಅಲುಗಾಟ ತಪ್ಪಿಸುವ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಆಯ್ಕೆ ಇದ್ದರೆ ಬಳಸಿ.

ಫ್ಲ್ಯಾಷಿನಲ್ಲೂ ಚಿತ್ರವೆಲ್ಲ ಒಂದೇ ಸಮ ಮೆತ್ತಗಿದ್ದರೆ ಅಪರ್ಚರ್ ತುಂಬಾ ಚಿಕ್ಕದಾಗಿರಬಹುದು. ಮೇಲೆ ಲೆಕ್ಕ ಹಾಕಿದ ಎಫ್/40 ನೆನಪಿದೆಯಲ್ಲ, ಅಷ್ಟು ಚಿಕ್ಕ ರಂಧ್ರದಲ್ಲಿ ಬೆಳಕು ಚದುರಿ ಸೂಕ್ಷ್ಮ ವಿವರವೆಲ್ಲ ಅಳಿಸಿಹೋಗುತ್ತದೆ. ಎಫ್/4ಕ್ಕೆ ತೆರೆದು ಮತ್ತೆ ತೆಗೆಯಿರಿ. ವಿವರ ಬಂತು, ಆದರೆ ಸ್ವಲ್ಪ ಭಾಗ ಮಾತ್ರ ಫೋಕಸ್‌ನಲ್ಲಿದೆ ಅನ್ನುತ್ತೀರಿ. ಹೌದು, 4 ಪಟ್ಟಿನಲ್ಲಿ ಎಫ್/4ರ ಫೋಕಸ್ ಆಳ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಅದಕ್ಕೇ ಜನ ಸ್ವಲ್ಪ ಸ್ವಲ್ಪ ಸರಿಸಿ ಹಲವು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ಅಪರ್ಚರ್ ಇನ್ನೂ ಮುಚ್ಚಿದರೆ ಆಳ ಸಿಗುತ್ತದೆ ಅಂತ ಎಫ್/22ಕ್ಕೆ ಹೋಗಬೇಡಿ, ಇದ್ದ ವಿವರವೂ ಹೋಗುತ್ತದೆ.

ಒಂದು ಪಕ್ಕ ಮಾತ್ರ ಮಬ್ಬಾಗಿದ್ದರೆ ಓರೆ ಇದೆ. ಓರೆ ಯಾವುದರಲ್ಲಿ? ಸಮತಟ್ಟಾದ ಅಚ್ಚು ಕಾಗದವನ್ನು ಕ್ಯಾಮೆರಾಗೆ ನೇರ ಇಟ್ಟು ತೆಗೆಯಿರಿ. ಆಮೇಲೆ ಕಾಗದ ಅಲ್ಲೇ ಬಿಟ್ಟು, ಮುಂದಿನ ಲೆನ್ಸನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ತೆಗೆಯಿರಿ. ಮಬ್ಬು ಎಡದಿಂದ ಬಲಕ್ಕೆ ಹೋದರೆ ಲೆನ್ಸಿನಲ್ಲಿ ಅಥವಾ ಅದರ ರಿಂಗಿನಲ್ಲಿ ಓರೆ. ಎಡದಲ್ಲೇ ಉಳಿದರೆ ಕಾಗದವೇ ಓರೆ, ಇಲ್ಲವೇ ಹಿಂದಿನ ಜೋಡಣೆ ಜೋತುಬಿದ್ದಿದೆ. ಈ ಒಂದು ಪರೀಕ್ಷೆ ನನಗೆ ಎಷ್ಟೋ ಸಲ ಒಳ್ಳೆಯ ಲೆನ್ಸನ್ನು ತಪ್ಪು ತಿಳಿಯದಂತೆ ಕಾಪಾಡಿದೆ.

## ಜೋಡಣೆ ಜೋಲುತ್ತದೆ, ಒಳಗೆ ಮೋಟಾರ್ ಗೊರಗುಟ್ಟುತ್ತದೆ

ಫಿಲ್ಟರ್ ಥ್ರೆಡ್ ಮಾಡಿರುವುದು ತೆಳು ಫಿಲ್ಟರ್ ಹೊರಲು, ಲೋಹದ ಲೆನ್ಸ್ ಹೊರಲು ಅಲ್ಲ. ಅದು ಪ್ಲಾಸ್ಟಿಕ್ ಆಗಿದ್ದರೆ ಇನ್ನೂ ಕಷ್ಟ. ಫೋಕಸ್ ಮಾಡುವಾಗ ಮುಂದೆ ಚಾಚಿಕೊಳ್ಳುವ ಲೆನ್ಸ್ ಆದರೆ ಅಷ್ಟೂ ಭಾರ ಒಳಗಿನ ಸಣ್ಣ ಹಲ್ಲುಗಳ ಮೇಲೆ ಬೀಳುತ್ತದೆ. ಆಟೋಫೋಕಸ್ ಆಫ್ ಮಾಡಿ, ಮುಂದಿನ ಲೆನ್ಸಿನ ಕೆಳಗೆ ಏನಾದರೂ ಆಸರೆ ಕೊಡಿ. ಚಿಕ್ಕ, ಹಗುರ ಲೆನ್ಸನ್ನೇ ಮುಂದೆ ಆರಿಸಿ. ಗೊರಗೊರ ಶಬ್ದ ಆಸರೆ ಕೊಟ್ಟ ಮೇಲೂ ನಿಲ್ಲದಿದ್ದರೆ, ಮುಂದಿನದನ್ನು ಬಿಚ್ಚಿದ ಮೇಲೂ ಉಳಿದರೆ, ಆ ಲೆನ್ಸ್ ಬಳಸುವುದು ನಿಲ್ಲಿಸಿ ರಿಪೇರಿಯವರಿಗೆ ತೋರಿಸಿ.

## ರಿಂಗ್ ಸಿಕ್ಕಿಹಾಕಿಕೊಂಡಿದೆ

ಅವಸರ ಬೇಡ. ಜೋರಾಗಿ ಹಿಂಡಿ ತಿರುಗಿಸಿದಷ್ಟೂ ತೆಳು ರಿಂಗ್ ಮೊಟ್ಟೆಯ ಆಕಾರಕ್ಕೆ ತಿರುಗಿ ಇನ್ನೂ ಗಟ್ಟಿ ಹಿಡಿಯುತ್ತದೆ. ಎರಡು ಬೆರಳು ಸಾಲದಿದ್ದಾಗ ಮೊದಲು ಅನ್ನಿಸುವುದು ಇನ್ನೂ ಬಿಗಿ ಹಿಡಿಯೋಣ ಅಂತ, ಅದೇ ತಪ್ಪು.

ಮೊದಲು ರಬ್ಬರ್ ಕೈಗವಸು ಹಾಕಿ ಸುತ್ತಲೂ ಐದೂ ಬೆರಳು ಸಮನಾಗಿ ಇಟ್ಟು, ಹಿಂಡದೆ ತಿರುಗಿಸಿ. ಆಗಲಿಲ್ಲವಾ, ಅಗಲ ರಬ್ಬರ್ ಬ್ಯಾಂಡ್ ಒಂದನ್ನು ರಿಂಗಿನ ಸುತ್ತ ಹಾಕಿ. ಅದೂ ಆಗದಿದ್ದರೆ ಮೇಜಿನ ಮೇಲೆ ರಬ್ಬರ್ ಹಾಳೆ ಹಾಸಿ, ರಿಂಗಿನ ಅಂಚನ್ನು ಅದರ ಮೇಲೆ ಬೋರಲಾಗಿ ಇಟ್ಟು, ಮೇಲಿನಿಂದ ಸಮನಾಗಿ ಒತ್ತಿ ಲೆನ್ಸನ್ನು ತಿರುಗಿಸಿ. ಉಬ್ಬಿದ ಗಾಜು ಹಾಳೆಗೆ ತಾಗುವಂತಿದ್ದರೆ ಇದನ್ನು ಮಾಡಬೇಡಿ. ನನಗೆ ಜಾಸ್ತಿ ಸಲ ಕೆಲಸ ಮಾಡಿದ್ದು ಇದೇ, ಯಾಕೆಂದರೆ ಹಿಡಿತ ಸುತ್ತಲೂ ಒಂದೇ ಸಮ ಇರುತ್ತದೆ. ಸಿಕ್ಕಿದ್ದು ಎರಡು ತೆಳು ರಿಂಗ್ ಆದರೆ ಹಿಡಿಯಲು ಜಾಗವೇ ಇರುವುದಿಲ್ಲ. ಆಗ ಎರಡೂ ಕಡೆಗೆ ಬೇರೆ ಲೆನ್ಸ್ ಅಥವಾ ಟ್ಯೂಬ್ ತಿರುಗಿಸಿ ಹಿಡಿಕೆ ಮಾಡಿಕೊಳ್ಳಿ, ಮೆಲ್ಲಗೆ, ಅವೂ ಸಿಕ್ಕಿಕೊಳ್ಳಬಾರದು.

ಎಣ್ಣೆ, ಸ್ಪ್ರೇ ಯಾವುದೂ ಬೇಡ. ಅದು ಹರಿದು ಗಾಜಿಗೋ ಅಪರ್ಚರ್ ಎಲೆಗಳಿಗೋ ಸೇರಿದರೆ ತೆಗೆಯುವುದು ಕಷ್ಟ. ಇಕ್ಕಳ ಕೂಡ ಬೇಡ. ಬಿಚ್ಚಿ ಬಂದ ಮೇಲೆ ಥ್ರೆಡ್ಡನ್ನು ಒಣ ಬ್ರಷ್‌ನಿಂದ ಉಜ್ಜಿ, ಮೆತ್ತನೆಯ ಪೆನ್ಸಿಲ್ ಸೀಸವನ್ನು ತುಸು ಸವರಿ, ಉಳಿದ ಪುಡಿ ಒರೆಸಿ. ಮುಂದಿನ ಸಲ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ.

ಇಲ್ಲಿ ಕೈ ನಿಲ್ಲಿಸಬೇಕಾದ ಕ್ಷಣ ಒಂದಿದೆ. ತಿರುಗಿಸುವಾಗ ಹಠಾತ್ತನೆ ಸಡಿಲವಾದ ಹಾಗೆ ಅನ್ನಿಸಿದರೆ ಖುಷಿಪಡುವ ಮೊದಲು ಗಾಜಿನ ಸುತ್ತ ಬರೆದ ಅಕ್ಷರಗಳನ್ನು ನೋಡಿ. ಅವೂ ರಿಂಗಿನ ಜೊತೆ ತಿರುಗುತ್ತಿದ್ದರೆ ಬಿಚ್ಚುತ್ತಿರುವುದು ರಿಂಗ್ ಅಲ್ಲ, ಲೆನ್ಸಿನ ಮುಂಭಾಗ. ಅಲ್ಲಿಗೇ ಬಿಟ್ಟು ರಿಪೇರಿಯವರ ಹತ್ತಿರ ಒಯ್ಯಿರಿ. ಅಡಾಪ್ಟರ್ ಕ್ಯಾಮೆರಾ ಬಾಡಿಯಲ್ಲೇ ಸಿಕ್ಕಿಕೊಂಡು, ಬಿಡುಗಡೆ ಗುಂಡಿ ಒತ್ತಿದರೂ ಲಾಕ್ ಪಿನ್ ಒಳಗೆ ಹೋಗದಿದ್ದರೂ ಅಷ್ಟೇ. ಅಲ್ಲಿ ಬಲ ಹಾಕಿದರೆ ಮೌಂಟೇ ಸೊಟ್ಟಗಾಗಬಹುದು.

## ಪಿನ್ ಇರುವ ಟ್ಯೂಬ್ ಹಾಕಿದರೆ ಎರರ್ ಬರುತ್ತದೆ

ಟ್ಯೂಬ್ ತೆಗೆದು ಲೆನ್ಸ್ ನೇರ ಹಾಕಿ. ಎರರ್ ಹೋಯಿತಾ? ಎರಡು ಮೂರು ಟ್ಯೂಬ್ ಪೇರಿಸಿದ್ದರೆ ಒಂದೊಂದನ್ನೇ ಹಾಕಿ ತಪ್ಪು ಯಾವುದರಲ್ಲಿ ಅಂತ ಹಿಡಿಯಿರಿ. ಪಿನ್‌ಗಳನ್ನು ಒಣ, ಮೆತ್ತನೆಯ ಬಟ್ಟೆಯಿಂದ ಒರೆಸಿ. ರಬ್ಬರ್ ಹಾಕಿ ಉಜ್ಜುವವರಿದ್ದಾರೆ, ಅದರ ಚೂರು ಬಾಡಿಯೊಳಗೆ ಬೀಳುತ್ತದೆ, ಪಿನ್ನಿನ ಲೇಪನವೂ ಸವೆಯುತ್ತದೆ, ಬೇಡ. ಉಗುರಿನ ತುದಿಯಿಂದ ಒಂದೊಂದು ಪಿನ್ ಒತ್ತಿ ನೋಡಿ, ಎಲ್ಲವೂ ಒಳಗೆ ಹೋಗಿ ವಾಪಸ್ ಎದ್ದೇಳಬೇಕು. ಒಂದು ಪಿನ್ ಒಳಗೇ ಕೂತುಬಿಟ್ಟರೆ ಆ ಟ್ಯೂಬ್ ಇನ್ನು ಮ್ಯಾನ್ಯುಯಲ್ ಲೆನ್ಸಿಗೆ ಮಾತ್ರ.

ಟ್ಯೂಬ್ ಹಾಕಿದಾಗ ಕ್ಯಾಮೆರಾ ತಾನೇ ಆಫ್ ಆದರೆ, ಮೌಂಟಿನ ಹತ್ತಿರ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಬ್ಯಾಟರಿ ತೆಗೆದುಬಿಡಿ. ಮತ್ತೊಮ್ಮೆ ಹಾಕಿ ಪರೀಕ್ಷಿಸಬೇಡಿ. ಕ್ಯಾಮೆರಾ, ಲೆನ್ಸ್, ಟ್ಯೂಬ್ ಮೂರನ್ನೂ ಒಟ್ಟಿಗೇ ಸರ್ವಿಸ್‌ಗೆ ಕೊಡಿ, ಯಾವ ಕ್ರಮದಲ್ಲಿ ಜೋಡಿಸಿದ್ದಿರಿ ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಬರೀ ಕ್ಯಾಮೆರಾ ಕೊಟ್ಟರೆ ಅವರ ಮೇಜಿನ ಮೇಲೆ ಅದು ಸರಿಯಾಗಿಯೇ ಕೆಲಸ ಮಾಡಬಹುದು.